ಜ್ವರ ಇಳಿದ ದಿನವೇ ಎಚ್ಚರ ಬೇಕು



ಡೆಂಗಿ ಹರಡುವ ದಿನಗಳಲ್ಲಿ ಬಳ್ಳಾರಿಯ ಯಾವ ಮೊಹಲ್ಲಾಕ್ಕೆ ಹೋದರೂ ಕೇಳಿ ಬರುವ ಪ್ರಶ್ನೆ ಒಂದೇ: 'ಪ್ಲೇಟ್‌ಲೆಟ್ ಎಷ್ಟಿದೆ?' ಒಂದು ಲಕ್ಷವೆಂದರೆ ಸಮಾಧಾನ, 40,000 ಎಂದರೆ ಮನೆಯಲ್ಲಿ ಅಳು. ಆದರೆ ಅದೇ ವರದಿಯಲ್ಲಿರುವ ಇನ್ನೊಂದು ಅಂಕಿಯನ್ನು ಯಾರೂ ಕೇಳುವುದಿಲ್ಲ. ಅದು ಹೆಮಟೋಕ್ರಿಟ್. ಕೆಲವು ವರದಿಗಳಲ್ಲಿ ಪಿಸಿವಿ ಎಂದಿರುತ್ತದೆ.

ಡೆಂಗಿ ಪ್ರಾಣಾಂತಿಕವಾಗುವುದು ಹೆಚ್ಚಾಗಿ ರಕ್ತ ಹರಿಯುವುದರಿಂದಲ್ಲ, ರಕ್ತದ ದ್ರವಾಂಶ ಸೋರುವುದರಿಂದ. ಸೂಕ್ಷ್ಮ ರಕ್ತನಾಳಗಳಿಂದ ದ್ರವವು ಹೊಟ್ಟೆಗೂ ಎದೆಗೂ ಇಳಿಯುತ್ತದೆ. ನಾಳದಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಈ ಗಟ್ಟಿತನವನ್ನು ಅಳೆಯುವುದೇ ಹೆಮಟೋಕ್ರಿಟ್. ಮೊದಲ ದಿನ 36 ಇದ್ದದ್ದು 44ಕ್ಕೇರಿದರೆ ಶೇ. 20ಕ್ಕಿಂತ ಹೆಚ್ಚು ಏರಿದಂತಾಯಿತು. ಅದರೊಂದಿಗೆ ಪ್ಲೇಟ್‌ಲೆಟ್ ವೇಗವಾಗಿ ಇಳಿಯುತ್ತಿದ್ದರೆ ಅಪಾಯದ ಗಂಟೆ ಬಾರಿಸಿದೆ ಎಂದೇ ಅರ್ಥ. ಒಂದೇ ವರದಿಯಿಂದ ಇದು ತಿಳಿಯದು. ಆದ್ದರಿಂದ ಮೊದಲ ವರದಿಯನ್ನು ಎಸೆಯಬೇಡಿ. ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಮಾಡಿಸಿದ ಪರೀಕ್ಷೆಯ ಚೀಟಿ, ಬಳ್ಳಾರಿಯಲ್ಲಿ ಜನರು ಇಂದಿಗೂ ವಿಮ್ಸ್ ಎಂದೇ ಕರೆಯುವ ಆಸ್ಪತ್ರೆಯ ವೈದ್ಯರಿಗೆ ಬಹಳ ಉಪಯುಕ್ತ.

ದುರಂತವೆಂದರೆ, ಈ ಸೋರಿಕೆ ಆರಂಭವಾಗುವುದು ಸಾಮಾನ್ಯವಾಗಿ ಜ್ವರ ಇಳಿಯುವಾಗ, ಅಂದರೆ ಮೂರರಿಂದ ಏಳನೆಯ ದಿನದೊಳಗೆ. 'ಮೈ ತಣ್ಣಗಾಯಿತು' ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತದು. ಮುಂದಿನ 24ರಿಂದ 48 ಗಂಟೆಗಳು ನಿರ್ಣಾಯಕ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನ ರಕ್ತ, ಮಂಪರು ಅಥವಾ ಚಡಪಡಿಕೆ, ತಣ್ಣಗಾದ ಕೈಕಾಲು, ಮೂತ್ರ ಕಡಿಮೆಯಾಗುವುದು - ಇವುಗಳಲ್ಲಿ ಒಂದು ಕಂಡರೂ ಯಾವ ಅಂಕಿಗೂ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಸಿರುಗುಪ್ಪದಿಂದ ಬಳ್ಳಾರಿ 50 ಕಿಲೋಮೀಟರಿಗೂ ದೂರ. ಬೆಳಗಾಗಲಿ ಎಂದು ಕಾಯುವಷ್ಟು ಸಮಯ ಇರುವುದಿಲ್ಲ.

ಹಾಗಾದರೆ ಪ್ಲೇಟ್‌ಲೆಟ್ ಏರಿಸುವುದು ಬೇಡವೇ? ಸಿಂಗಾಪುರ ಮತ್ತು ಮಲೇಷ್ಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವು, ರಕ್ತಸ್ರಾವವಿಲ್ಲದ ವಯಸ್ಕ ಡೆಂಗಿ ರೋಗಿಗಳಿಗೆ ಮುನ್ನೆಚ್ಚರಿಕೆಯಾಗಿ ಪ್ಲೇಟ್‌ಲೆಟ್ ಕೊಡುವುದರಿಂದ ರಕ್ತಸ್ರಾವ ತಪ್ಪುವುದಿಲ್ಲವೆಂದು ತೋರಿಸಿತು. ಆದರೂ ನಾವು ಒಡವೆ ಅಡವಿಟ್ಟು ಚೀಲಗಳಿಗಾಗಿ ಓಡುತ್ತೇವೆ, ವೈದ್ಯರನ್ನು ಒತ್ತಾಯಿಸುತ್ತೇವೆ. ಸೋರಿಕೆಗೆ ಬೇಕಾದದ್ದು ಅಳೆದು ಕೊಡುವ ದ್ರವ. ಕಡಿಮೆಯಾದರೂ ಅಪಾಯ, ಅತಿಯಾದರೂ ಅಪಾಯ. ಪಪ್ಪಾಯಿ ಎಲೆಯ ರಸ ಅದಕ್ಕೆ ಬದಲಿಯಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೇನ್ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು.

ನಮ್ಮ ಮನೆಗಳ ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಡೆಂಗಿಯಲ್ಲಿ ಮುಟ್ಟಿನ ಸ್ರಾವ ಅತಿಯಾಗುವುದುಂಟು. ಸಂಕೋಚದಿಂದ ಆಕೆ ಹೇಳುವುದಿಲ್ಲ, ಮನೆಯವರು ಕೇಳುವುದಿಲ್ಲ. ಮಗನ ಜ್ವರಕ್ಕೆ ಮೊದಲ ದಿನವೇ ರಕ್ತ ಪರೀಕ್ಷೆ, ಸೊಸೆಯ ಜ್ವರಕ್ಕೆ ಐದನೆಯ ದಿನ ಎಂಬ ಲೆಕ್ಕ ಯಾವ ನ್ಯಾಯ?

ಸರಕಾರಕ್ಕೂ ಹೊಣೆಯಿದೆ. 2024ರ ಜುಲೈಯಲ್ಲಿ ರಾಜ್ಯ ಸರಕಾರವು ಎನ್‌ಎಸ್1 ಮತ್ತು ಐಜಿಎಂ ಎಲಿಸಾ ಪರೀಕ್ಷೆಗಳಿಗೆ ತಲಾ 300 ರೂ. ದರ ನಿಗದಿ ಮಾಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ನಗರದ ಮನೆಗೆ 400 ರೂ. ದಂಡವನ್ನೂ ವಿಧಿಸಿತು. ಸ್ವಾಗತಾರ್ಹವೇ. ಆದರೆ ಆ ಎರಡು ಪರೀಕ್ಷೆಗಳು ರೋಗವಿದೆಯೇ ಎಂದು ಹೇಳುತ್ತವೆ, ಎಷ್ಟು ತೀವ್ರವೆಂದು ಹೇಳುವುದಿಲ್ಲ. ತೀವ್ರತೆಯನ್ನು ಹೇಳುವುದು ಮತ್ತೆ ಮತ್ತೆ ಮಾಡಿಸಬೇಕಾದ ಸಾಮಾನ್ಯ ರಕ್ತಕಣ ಎಣಿಕೆ. ಅದು ತಾಲೂಕು ಆಸ್ಪತ್ರೆಗಳಲ್ಲಿ ರಾತ್ರಿಯೂ ಉಚಿತವಾಗಿ ದೊರೆಯಬೇಕೆಂಬುದು ನಮ್ಮ ಬೇಡಿಕೆಯಾಗಬೇಕು. ನಲ್ಲಿಯಲ್ಲಿ ದಿನವೂ ನೀರು ಬಾರದ ಬಡಾವಣೆಯಲ್ಲಿ ಜನ ಡ್ರಮ್ಮು ತುಂಬಿಡದೆ ಏನು ಮಾಡಿಯಾರು? ದಂಡ ಕೇಳುವವರು ನೀರನ್ನೂ ಕೊಡಬೇಕು.

ಹಾಗೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ಸಿರುಗುಪ್ಪದವರು ಕಾಲುವೆ ಕೆಳಗಿನ ಭತ್ತದ ಗದ್ದೆಯನ್ನು ದೂರುವುದುಂಟು. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಹುಟ್ಟುವುದು ಮನೆಯ ಡ್ರಮ್ಮು, ತೊಟ್ಟಿ, ಕೂಲರುಗಳಲ್ಲಿ. ವಾರಕ್ಕೊಮ್ಮೆ ಅವನ್ನು ಬರಿದು ಮಾಡಿ, ಉಜ್ಜಿ, ಮುಚ್ಚಿಡೋಣ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಒಂದು ಕಾಗದದಲ್ಲಿ ಜ್ವರದ ದಿನ, ಹೆಮಟೋಕ್ರಿಟ್, ಪ್ಲೇಟ್‌ಲೆಟ್, ಮೂತ್ರ ಹೋದ ಹೊತ್ತು - ಈ ನಾಲ್ಕನ್ನು ಬರೆದಿಡೋಣ. ರೋಗಿ ಆಸ್ಪತ್ರೆಗೆ ಹೊರಡುವಾಗ ಆ ಕಾಗದವೂ ಜೊತೆಗೆ ಹೋಗಲಿ.