ಟೆರೇಸ್ ಮೇಲೊಂದು ಪುಟ್ಟ ಜಾತ್ರೆ

(ನಮ್ಮ ಕನ್ನಡ ಪ್ರಸಾರದಲ್ಲಿ ಓದಿದ ಭಾಷಣದ ಪಠ್ಯ)



ಪ್ರತಿ ವಾರ ಈ ಹೊತ್ತಿಗೆ ನಾನು ನಿಮಗೆ ಹಾಡು ಕೇಳಿಸುತ್ತೇನೆ, ನಿಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ಶುಭಾಶಯ ಓದುತ್ತೇನೆ. ಇವತ್ತು ಹಾಡನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ನಮ್ಮ ಮನೆಯ ಹುಟ್ಟುಹಬ್ಬದ ಕಥೆಯನ್ನೇ ಹೇಳೋಣ ಅಂತಿದ್ದೇನೆ. ಇದರಲ್ಲಿ ಒಂದಿಷ್ಟು ಲೆಕ್ಕಾಚಾರ ಇದೆ, ಒಂದಿಷ್ಟು ಅಡುಗೆ ಇದೆ, ಸ್ವಲ್ಪ ಕಣ್ಣೀರೂ ಇದೆ. ನಿಮ್ಮ ಮನೆಯಲ್ಲೂ ಶಾಲೆಗೆ ಹೋಗುವ ಮಗು ಇದ್ದರೆ ಈ ಕಥೆ ನಿಮ್ಮದೂ ಹೌದು.

ನಮ್ಮ ಮಗಳಿಗೆ ಈ ಜನವರಿಗೆ ಎಂಟು ತುಂಬಿತು. ಡಿಸೆಂಬರ್‌ನಲ್ಲಿ ಅವಳು ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಮಾಲ್ ಒಂದಕ್ಕೆ ಹೋಗಿ ಬಂದಿದ್ದಳು. ಅಲ್ಲಿ ಬಲೂನಿನ ಕಮಾನು, ಮ್ಯಾಜಿಕ್ ಮಾಡುವವನು, ಎರಡಂತಸ್ತಿನ ಕೇಕು. ಬಂದವಳೇ, "ನನಗೂ ಹಾಗೇ ಬೇಕು" ಅಂದಳು. ನಾನು ಫೋನ್ ಮಾಡಿ ವಿಚಾರಿಸಿದೆ. ಒಂದು ಮಗುವಿಗೆ 900 ರೂಪಾಯಿ, ಕಡಿಮೆ ಅಂದರೂ 20 ಮಕ್ಕಳು ಇರಲೇಬೇಕು. ಅಲ್ಲಿಗೆ 18,000. ಕೇಕು, ಅಲಂಕಾರ, ರಿಟರ್ನ್ ಗಿಫ್ಟು ಬೇರೆ. ನಮ್ಮವರ ಆಫೀಸಿನಲ್ಲಿ ಆಗ ಎರಡು ತಿಂಗಳಿಂದ ಸಂಬಳ ಸರಿಯಾಗಿ ಬಂದಿರಲಿಲ್ಲ. ಮನೆ ಬಾಡಿಗೆ, ಶಾಲೆಯ ಫೀಸು ಎಲ್ಲ ಕಳೆದು ರಾತ್ರಿ ಇಬ್ಬರೂ ಕೂತು ಲೆಕ್ಕ ಹಾಕಿದಾಗ ಹುಟ್ಟುಹಬ್ಬಕ್ಕೆ ಉಳಿದದ್ದು 4,000 ರೂಪಾಯಿ.

ಆಗ ಊರಿನಿಂದ ಬಂದಿದ್ದ ನಮ್ಮ ಅತ್ತೆ ಒಳಗಿನಿಂದಲೇ ಕೇಳಿಸಿಕೊಂಡಿರಬೇಕು. ಅವರು ಹಾವೇರಿ ಕಡೆಯವರು. ಬೆಳಿಗ್ಗೆ ಚಹಾ ಕೊಡುವಾಗ, "ಜಾತ್ರಿ ಮಾಡ್ರಿ" ಅಂದರು. ನನಗೆ ತಿಳಿಯಲಿಲ್ಲ. "ಅತ್ತೀ, ಜಾತ್ರೆಗೆ ರೊಕ್ಕ ಬೇಕಲ್ಲ?" ಅಂದೆ. "ಜಾತ್ರಿ ಆಗೋದು ರೊಕ್ಕದಿಂದ ಅಲ್ಲವಾ, ಮಂದಿಯಿಂದ" ಅಂದರು. ಚಿಕ್ಕಂದಿನಲ್ಲಿ ಅವರು ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋಗುತ್ತಿದ್ದರಂತೆ. ಬನದ ಹುಣ್ಣಿಮೆಗೆ ತೇರು, ಆಮೇಲೆ ದಿನಗಟ್ಟಲೆ ಅಂಗಡಿ ಸಾಲು, ರಾತ್ರಿಯಿಡೀ ಕಂಪನಿ ನಾಟಕ. ಕೈಯಲ್ಲಿ ನಾಲ್ಕಾಣೆ ಇದ್ದರೆ ಬಳೆ, ಬತ್ತಾಸು, ಪೀಪಿ ಎಲ್ಲ ಬರುತ್ತಿತ್ತು ಅಂತ ಅವರ ನೆನಪು. ನಮ್ಮ ಮಗಳ ಹುಟ್ಟುಹಬ್ಬವೂ ಸಂಕ್ರಾಂತಿಯ ಆಸುಪಾಸಿಗೇ ಬರುತ್ತದೆ. ಅದು ಜಾತ್ರೆಗಳ ಕಾಲ. ಇಲ್ಲೇ ಮಹಾರಾಷ್ಟ್ರದ ಸೋಲಾಪುರದಲ್ಲೂ ಸಂಕ್ರಾಂತಿಗೇ ಸಿದ್ಧರಾಮೇಶ್ವರ ಜಾತ್ರೆ ನಡೆಯುತ್ತದಲ್ಲ!

ಸರಿ, ಮಗಳಿಗೆ ಹೇಳಿದೆ. ಅವಳ ಮುಖ ಸಣ್ಣದಾಯಿತು. "ಮಮ್ಮೀ, ಸಬ್ ಹಸೇಂಗೇ" ಅಂದಳು. ಎಲ್ಲರೂ ನಗುತ್ತಾರೆ ಅಂತ. ಅವಳು ನಗುತ್ತಾರೆ ಅಂದದ್ದಕ್ಕಿಂತ, ಅದನ್ನು ಹಿಂದಿಯಲ್ಲಿ ಅಂದದ್ದು ನನಗೆ ಹೆಚ್ಚು ಚುಚ್ಚಿತು. ಕನ್ನಡದಲ್ಲಿ ಬಿ.ಎ. ಮಾಡಿ, ದಿನಾ ಕನ್ನಡ ಮಾತಾಡಿಯೇ ಸಂಬಳ ತರುವವಳು ನಾನು. ನನ್ನ ಮನೆಯಲ್ಲೇ ಮಗು ಅಜ್ಜಿಯ ಪ್ರಶ್ನೆಗೆ ಹಿಂದಿಯಲ್ಲಿ ಉತ್ತರ ಕೊಡುತ್ತದೆ. ಅಜ್ಜಿಗೆ ಹಿಂದಿ ಬರುವುದಿಲ್ಲ. ಹೀಗಾಗಿ ಅವರು ಬಂದ ಒಂದು ತಿಂಗಳಲ್ಲಿ ಕಿಟಕಿಯ ಪಕ್ಕ ಕೂರುವುದೇ ಅವರ ಕೆಲಸವಾಗಿತ್ತು.

ಕೊನೆಗೆ ಮಗಳ ಜೊತೆ ಒಂದು ರಾಜಿ ಮಾಡಿಕೊಂಡೆವು. ಕೇಕು ಇರುತ್ತದೆ, ಚಿಕ್ಕದು. ಮಿಕ್ಕಿದ್ದೆಲ್ಲ ಜಾತ್ರೆ.

ಮೊದಲು ಜಾಗದ ಮಾತು. ನಮ್ಮದು ಒಂದು ಬೆಡ್‌ರೂಮಿನ ಮನೆ. 16 ಮಕ್ಕಳು ಹಿಡಿಸುವುದಿಲ್ಲ. ಸೊಸೈಟಿಯ ಸೆಕ್ರೆಟರಿಗೆ ಎರಡು ವಾರ ಮೊದಲೇ ಅರ್ಜಿ ಬರೆದುಕೊಟ್ಟು ಟೆರೇಸ್ ಕೇಳಿದೆವು. ಸಂಜೆ ನಾಲ್ಕರಿಂದ ಏಳು, ಧ್ವನಿವರ್ಧಕ ಇಲ್ಲ, ನಾವೇ ಗುಡಿಸಿ ಕೊಡಬೇಕು ಎಂಬ ಷರತ್ತು. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನಂಬಿ ಟೆರೇಸ್ ಇಟ್ಟುಕೊಳ್ಳಬೇಡಿ. ಇನ್ನೊಂದು ಮಾತು, ಟೆರೇಸಿನ ಗೋಡೆಯ ಹತ್ತಿರ ಇಬ್ಬರು ದೊಡ್ಡವರು ಬೇರೆ ಕೆಲಸವಿಲ್ಲದೆ ನಿಂತೇ ಇರಬೇಕು. ನಮ್ಮವರೂ ಪಕ್ಕದ ಮನೆಯವರೂ ಆ ಡ್ಯೂಟಿ ಮಾಡಿದರು. ಎಣ್ಣೆಯ ಬಾಣಲೆ ಮೇಲೆ ತರಲಿಲ್ಲ. ಭಜಿಯನ್ನು ಕೆಳಗೆ ಅಡುಗೆಮನೆಯಲ್ಲೇ ಕರಿದು ತಂದೆವು.

ಇನ್ನು ಅಲಂಕಾರ. ಬಲೂನು ಒಂದೂ ಇಲ್ಲ. ಭಾನುವಾರ ಬೆಳಗಿನ ಲೋಕಲ್ ಹಿಡಿದು ದಾದರ್ ಪಶ್ಚಿಮದ ಹೂವಿನ ಮಾರುಕಟ್ಟೆಯಿಂದ ಚೆಂಡುಹೂವು ತಂದೆ. ಹಬ್ಬದ ಮುನ್ನಾದಿನ ಹೋದರೆ ಹೂವಿನ ಬೆಲೆ ಕೈ ಸುಡುತ್ತದೆ, ನೆನಪಿರಲಿ. ಮಾವಿನ ಸೊಪ್ಪು ಮಾಟುಂಗಾದಲ್ಲಿ ಸಿಕ್ಕಿತು. ನನ್ನ, ಅತ್ತೆಯ ಹಳೆಯ ಇಳಕಲ್ ಸೀರೆಗಳನ್ನು ಬಟ್ಟೆ ಒಣಗಿಸುವ ತಂತಿಗೆ ಇಳಿಬಿಟ್ಟರೆ ಅವೇ ಅಂಗಡಿಗಳ ಗೋಡೆ. ಬಣ್ಣದ ಕಾಗದವನ್ನು ಮುಕ್ಕೋನವಾಗಿ ಕತ್ತರಿಸಿ ಹಗ್ಗಕ್ಕೆ ಅಂಟಿಸಿದ್ದು ಮಗಳೇ. ಬಾಗಿಲಲ್ಲಿ ರಂಗೋಲಿ. ಪುಣೆಯಲ್ಲಿರುವ ನಿಮ್ಮ ಬಂಧುಗಳಿಗೆ ಈ ಸಾಮಾನೆಲ್ಲ ತುಳಶೀಬಾಗಿನಲ್ಲಿ, ಹೈದರಾಬಾದಿನವರಿಗೆ ಬೇಗಂ ಬಜಾರಿನಲ್ಲಿ, ದೆಹಲಿಯವರಿಗೆ ಸದರ್ ಬಜಾರಿನಲ್ಲಿ ಅಗ್ಗವಾಗಿ ಸಿಗುತ್ತದೆ.

ಜಾತ್ರೆ ಅಂದಮೇಲೆ ವ್ಯಾಪಾರ ಬೇಡವೇ? ಹಳೆಯ ಮದುವೆ ಕಾರ್ಡುಗಳನ್ನು ದುಂಡಗೆ ಕತ್ತರಿಸಿ 'ಕಾಸು' ಮಾಡಿದೆವು. ಪ್ರತಿ ಮಗುವಿಗೆ ಹತ್ತು ಕಾಸು. ಗಿರ್ಮಿಟ್‌ಗೆ ಎರಡು ಕಾಸು, ಬಳೆಗೆ ಮೂರು, ಪಾನಕಕ್ಕೆ ಒಂದು. ಆಟ ಗೆದ್ದರೆ ಮತ್ತೆರಡು ಕಾಸು. ಒಂದೇ ಕಟ್ಟಳೆ ಏನೆಂದರೆ, ಅಂಗಡಿಯಲ್ಲಿ ಕಾಸನ್ನು ಕನ್ನಡದಲ್ಲೇ ಎಣಿಸಿ ಕೊಡಬೇಕು.

ಆಟಗಳಿಗೆ ಹೆಚ್ಚು ಕಡಿಮೆ ಖರ್ಚೇ ಇಲ್ಲ. ಏಳು ಚಪ್ಪಟೆ ಹೆಂಚಿನ ಚೂರು ಪೇರಿಸಿದರೆ ಲಗೋರಿ. ಚೆಂಡು ಮಾತ್ರ ಬಟ್ಟೆಯದು, ಇಲ್ಲದಿದ್ದರೆ ಕೆಳಗಿನ ಕಾರುಗಳ ಗಾಜು ಉಳಿಯುವುದಿಲ್ಲ. ಸೀಮೆಸುಣ್ಣದಲ್ಲಿ ಅಡ್ಡ ಐದು, ಉದ್ದ ಐದು ಮನೆ ಬರೆದರೆ ಚೌಕಾಬಾರ. ಕವಡೆ ಇಲ್ಲದಿದ್ದರೆ ಹುಣಸೆಬೀಜದ ಒಂದು ಬದಿಯನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿಕೊಳ್ಳಿ, ನಾಲ್ಕು ಸಾಕು. ನಾನು ಅಳಗುಳಿ ಮಣೆ ಹುಡುಕುತ್ತಿದ್ದೆ. ಮೂರನೇ ಮಹಡಿಯ ತಮಿಳು ಅಜ್ಜಿ ತಮ್ಮ ಪಲ್ಲಾಂಗುಳಿ ಮಣೆ ತಂದುಕೊಟ್ಟರು. ನೋಡಿದರೆ ಅದೇ ಹದಿನಾಲ್ಕು ಗುಳಿ! ತುಳುನಾಡಿನವರು ಅದನ್ನೇ ಚೆನ್ನೆಮಣೆ ಅನ್ನುತ್ತಾರೆ.

ತಿಂಡಿಯ ಜವಾಬ್ದಾರಿ ಅತ್ತೆಯದು. ಗಿರ್ಮಿಟ್ ಮಾಡುವುದು ಸುಲಭ. ಎಣ್ಣೆಯಲ್ಲಿ ಸಾಸಿವೆ, ಹಸಿಮೆಣಸು, ಈರುಳ್ಳಿ, ಅರಿಸಿನ ಹಾಕಿ, ಹುಣಸೆರಸ, ಬೆಲ್ಲ, ಉಪ್ಪು ಬೆರೆಸಿ ಗಟ್ಟಿಯಾಗಿ ಕುದಿಸಿ ಇಟ್ಟುಕೊಳ್ಳಿ. ಮಕ್ಕಳು ಬಂದು ನಿಂತ ಮೇಲೆಯೇ ಚುರುಮುರಿ, ಪುಟಾಣಿ ಹಿಟ್ಟು ಹಾಕಿ ಕಲಸಬೇಕು. ಮೊದಲೇ ಕಲಸಿದರೆ ಮೆತ್ತಗಾಗುತ್ತದೆ. ಮೇಲೆ ಹಸಿ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಸೇವು. ಮಕ್ಕಳಿಗೆ ಆಲೂ ಭಜಿ, ದೊಡ್ಡವರಿಗೆ ಮಿರ್ಚಿ ಭಜಿ. ಸಿಹಿಗೆ ಶೇಂಗಾ ಉಂಡೆ, ಬತ್ತಾಸು. ಪಾನಕದಲ್ಲಿ ನಾನು ತಪ್ಪಿದೆ. ಶುಂಠಿ ಜಾಸ್ತಿಯಾಗಿ ಅರ್ಧ ಪಾನಕ ಹಾಗೇ ಉಳಿಯಿತು. ನೀವು ಮಕ್ಕಳಿಗೆ ಮಾಡುವಾಗ ಬೆಲ್ಲ, ನಿಂಬೆರಸ, ಏಲಕ್ಕಿ ಇಷ್ಟೇ ಹಾಕಿ.

ರಿಟರ್ನ್ ಗಿಫ್ಟಿಗೆ ಚನ್ನಪಟ್ಟಣದ ಬುಗುರಿ. ಬೆಂಗಳೂರಿನಿಂದ ಬರುತ್ತಿದ್ದ ನಮ್ಮ ಚಿಕ್ಕಪ್ಪನ ಮಗ ತಂದುಕೊಟ್ಟ. ಮರದ ತುಂಡು ಲೇತ್‌ನಲ್ಲಿ ತಿರುಗುತ್ತಿರುವಾಗಲೇ ಬಣ್ಣ ಕಲೆಸಿದ ಅರಗಿನ ಕಡ್ಡಿ ಒತ್ತುತ್ತಾರೆ. ಆ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಅದೇ ಆ ಹೊಳಪಿನ ಗುಟ್ಟು.

ಈಗ ಲೆಕ್ಕ ಒಪ್ಪಿಸುತ್ತೇನೆ, ಪೆನ್ನು ಇದ್ದವರು ಬರೆದುಕೊಳ್ಳಿ. ಅರ್ಧ ಕಿಲೋ ಕೇಕು 400. ಗಿರ್ಮಿಟ್, ಭಜಿಯ ಸಾಮಾನು 900. ಪಾನಕ, ಮಜ್ಜಿಗೆ 300. ಉಂಡೆ, ಬತ್ತಾಸು 450. ಹೂವು, ಸೊಪ್ಪು, ರಂಗೋಲಿ 350. ಕಾಗದ, ಹಗ್ಗ, ಅಂಟು 150. ಗಾಜಿನ ಬಳೆ 240. ಬುಗುರಿ 16, ಒಂದಕ್ಕೆ 40ರಂತೆ 640. ಎಲೆಯ ದೊನ್ನೆ 150. ಗುಡಿಸಲು ನೆರವಾದ ಬಾಯಿಗೆ 200. ಒಟ್ಟು 3,780 ರೂಪಾಯಿ.

ಆದರೆ ಲೆಕ್ಕ ಕೂಡಿದ ಮಾತ್ರಕ್ಕೆ ಹಬ್ಬ ಕೂಡುವುದಿಲ್ಲ ನೋಡಿ. ನಾಲ್ಕು ಗಂಟೆಗೆ ಮಕ್ಕಳು ಬಂದರು. ಒಬ್ಬ ಹುಡುಗ ಸುತ್ತ ನೋಡಿ, "ಡಿಜೆ ಕಹಾಂ ಹೈ?" ಅಂದ. ಇಬ್ಬರು ಹುಡುಗಿಯರು ಸೀರೆಯ ಗೋಡೆ ನೋಡಿ ಕಿಸಕ್ಕೆಂದರು. ನನ್ನ ಮಗಳು ನೀರಿನ ಟಾಂಕಿಯ ಹಿಂದೆ ಹೋಗಿ ನಿಂತಳು. ಕಣ್ಣು ತುಂಬಿತ್ತು. ರೇಡಿಯೋದಲ್ಲಿ ಗಂಟೆಗಟ್ಟಲೆ ಮಾತಾಡುವ ನನಗೆ ಅವಳಿಗೆ ಹೇಳಲು ಒಂದು ಮಾತೂ ಹೊಳೆಯಲಿಲ್ಲ. ಮಾಲ್‌ಗೇ ಹೋಗಬೇಕಿತ್ತೇನೋ, ಸಾಲವಾದರೂ ಮಾಡಬೇಕಿತ್ತೇನೋ ಅನ್ನಿಸಿಬಿಟ್ಟಿತು.

ಅಷ್ಟರಲ್ಲಿ ಆ ಕಡೆಯಿಂದ ಒಂದು ದನಿ. "ಬರ್ರಿ, ಬರ್ರಿ! ಬಿಸಿ ಬಿಸಿ ಭಜಿ! ಗಿರ್ಮಿಟ್ ತಿಂದು ಹೋಗ್ರಿ!" ನಮ್ಮ ಅತ್ತೆ! ಒಂದು ತಿಂಗಳಿಂದ ಸರಿಯಾಗಿ ಬಾಯಿ ಬಿಡದವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ತಟ್ಟೆ ಬಡಿಯುತ್ತಾ ಕೂಗುತ್ತಿದ್ದಾರೆ. ಮಕ್ಕಳು ಒಂದು ಕ್ಷಣ ಸುಮ್ಮನಾದರು. ಆಮೇಲೆ ಡಿಜೆ ಕೇಳಿದ ಹುಡುಗನೇ "ಬರ್ರಿ, ಬರ್ರಿ" ಅಂತ ಅಣಕಿಸಿದ. ಅತ್ತೆ ಬೇಸರಪಡಲಿಲ್ಲ. ಇನ್ನೂ ಜೋರಾಗಿ ಕೂಗಿದರು. ಅವನೂ ಕೂಗಿದ. ಐದು ನಿಮಿಷದಲ್ಲಿ ಅವನೇ ತಟ್ಟೆ ಬಡಿಯುವ ಕೆಲಸಕ್ಕೆ ಸೇರಿಕೊಂಡ.

ಮುಂದಿನದು ನಾನು ಅಂದುಕೊಂಡದ್ದಲ್ಲ. ಮಕ್ಕಳಿಗೆ ಅಜ್ಜಿಯ ಮಾತು ತಿಳಿಯದು, ಅಜ್ಜಿಗೆ ಮಕ್ಕಳ ಮಾತು ತಿಳಿಯದು. "ಆಜೀ ಕ್ಯಾ ಬೋಲ್ ರಹೀ ಹೈ?" ಅಂತ ಎಲ್ಲರೂ ನನ್ನ ಮಗಳನ್ನೇ ಕೇಳತೊಡಗಿದರು. ಅವಳು ಕಣ್ಣೊರೆಸಿಕೊಂಡು ಬಂದು ಅಜ್ಜಿಯ ಪಕ್ಕ ನಿಂತಳು. "ಅಜ್ಜೀ, ಇವಳಿಗೆ ಖಾರ ಬೇಡಂತೆ", "ಅಜ್ಜೀ, ಅವನ ಹತ್ರ ಒಂದೇ ಕಾಸಿದೆ, ಕೊಡಲಾ?" ಅಂತ ಏಳು ಗಂಟೆಯವರೆಗೂ ಕನ್ನಡದಲ್ಲೇ ಅಂಗಡಿ ನಡೆಸಿದಳು. ಹದಿನಾರು ಮಕ್ಕಳೂ ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಎಣಿಸುವುದನ್ನು ಅವಳಿಂದಲೇ ಕಲಿತರು. ಕೊನೆಗೆ ಅತ್ತೆ ಆರತಿ ಎತ್ತಿದರು, ಆಮೇಲೆ ಕೇಕು ಕತ್ತರಿಸಿದೆವು. ಎರಡಕ್ಕೂ ಚಪ್ಪಾಳೆ ಬಿತ್ತು.

ಒಂದೇ ಸಂಜೆಯಲ್ಲಿ ಎಲ್ಲ ಬದಲಾಯಿತು ಅಂತ ನಾನು ಹೇಳುವುದಿಲ್ಲ, ಬಂಧುಗಳೇ. ಮಗಳು ಈಗಲೂ ಸಿಟ್ಟು ಬಂದರೆ ಹಿಂದಿಯಲ್ಲೇ ಜಗಳ ಆಡುತ್ತಾಳೆ. ಮುಂದಿನ ವರ್ಷ ಮಾಲ್ ಬೇಕು ಅಂತ ಅಂದರೂ ಅನ್ನಬಹುದು. ಆದರೆ ಅತ್ತೆ ಊರಿಗೆ ಮರಳಿದ ಮೇಲೆ ಭಾನುವಾರ ಫೋನ್ ಹಚ್ಚುವುದು ಅವಳೇ. ಹಚ್ಚಿದ ಕೂಡಲೇ "ಹಲೋ" ಅನ್ನುವುದಿಲ್ಲ. "ಬರ್ರಿ, ಬರ್ರಿ" ಅನ್ನುತ್ತಾಳೆ. ಆ ಕಡೆಯಿಂದ ನಗು ಕೇಳಿಸುತ್ತದೆ.

ನಿಮ್ಮ ಮನೆಯಲ್ಲೂ ಊರಿಂದ ಬಂದ ಹಿರಿಯರು ಕಿಟಕಿಯ ಪಕ್ಕ ಕೂತಿದ್ದರೆ, ಮುಂದಿನ ಹುಟ್ಟುಹಬ್ಬಕ್ಕೆ ಅವರಿಗೊಂದು ಅಂಗಡಿ ಹಾಕಿಕೊಡಿ. ಬಂಡವಾಳ ಜಾಸ್ತಿ ಬೇಕಾಗಿಲ್ಲ.

ಮುಂದಿನ ವಾರ ಎಂದಿನಂತೆ ಹಾಡುಗಳೊಂದಿಗೆ ಬರುತ್ತೇನೆ.