ತೋಟದ ಕೆಲಸದಲ್ಲಿ ಜೇನು ಕಚ್ಚಿದಾಗ

ಅಡಿಕೆ ಕೊನೆ ತೆಗೆಯುವಾಗ, ಮೆಣಸು ಕೊಯ್ಯುವಾಗ, ಕಾಫಿ ತೋಟದಲ್ಲಿ ಮರಗಸಿ ಮಾಡುವಾಗ ಒಮ್ಮೆಯೂ ಜೇನು ಕಚ್ಚಿಸಿಕೊಳ್ಳದವರು ಮಲೆನಾಡಿನಲ್ಲಿ ವಿರಳ. ಒಂದೆರಡು ಹುಳು ಕಚ್ಚಿದರೆ ಉರಿ, ಬಾವು, ತುರಿಕೆ ಆಗಿ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಕೆಲವೊಮ್ಮೆ ಇದೇ ಜೇನಿನಿಂದ ಪ್ರಾಣಕ್ಕೆ ಅಪಾಯವಾಗುವುದೂ ಉಂಟು. ಅಂಥ ಅಪಾಯವನ್ನು ಗುರುತಿಸುವುದು ಹೇಗೆ, ಕಾಲ ಕಳೆಯದೆ ಏನು ಮಾಡಬೇಕು ಎಂಬುದನ್ನು ತೋಟದಲ್ಲಿ ದುಡಿಯುವ ಪ್ರತಿಯೊಬ್ಬರೂ ತಿಳಿದಿರಬೇಕು.

ನಮ್ಮಲ್ಲಿರುವ ಜೇನುಗಳಲ್ಲಿ ಮುಜಂಟಿಗೆ ಚುಚ್ಚುವ ಮುಳ್ಳಿಲ್ಲ. ಪೊದೆಗಳಲ್ಲಿ ಚಿಕ್ಕ ಎರಿ ಕಟ್ಟುವ ಕೋಲು ಜೇನು ಮತ್ತು ಪೊಟರೆಯಲ್ಲೂ ಪೆಟ್ಟಿಗೆಯಲ್ಲೂ ಇರುವ ತುಡುವೆ ಹೆಚ್ಚಾಗಿ ಸಾಧು ಸ್ವಭಾವದವು. ಎತ್ತರದ ಮರಗಳಲ್ಲಿ ಒಂದೇ ದೊಡ್ಡ ಎರಿ ಕಟ್ಟುವ ಹೆಜ್ಜೇನು ಮಾತ್ರ ಕೆಣಕಿದರೆ ಗುಂಪಾಗಿ ಎರಗುತ್ತದೆ, ಬಹು ದೂರ ಅಟ್ಟಿಸಿಕೊಂಡು ಬರುತ್ತದೆ.

ಜೇನಿನ ಮುಳ್ಳಿಗೆ ಹಿಮ್ಮುಖವಾದ ಗರಗಸದಂಥ ಹಲ್ಲುಗಳಿವೆ. ಚುಚ್ಚಿದ ಮೇಲೆ ಮುಳ್ಳು ನಂಜಿನ ಚೀಲದೊಡನೆ ನಮ್ಮ ಚರ್ಮದಲ್ಲಿಯೇ ಉಳಿಯುತ್ತದೆ, ಹುಳು ಸಾಯುತ್ತದೆ. ಹುಳು ಹೋದರೂ ಆ ಚೀಲ ನಂಜನ್ನು ಒಳಗೆ ತಳ್ಳುತ್ತಲೇ ಇರುತ್ತದೆ. ಅಲ್ಲದೆ ಮುಳ್ಳಿನಿಂದ ಬಾಳೆಹಣ್ಣಿನಂಥ ವಾಸನೆ ಹೊರಟು ಉಳಿದ ಹುಳುಗಳನ್ನು ಅಲ್ಲಿಗೇ ಕರೆಯುತ್ತದೆ. ಆದುದರಿಂದ ಮೊದಲು ಆ ಜಾಗ ಬಿಟ್ಟು ದೂರ ಹೋಗಬೇಕು. ಹೋಗುತ್ತಲೇ ಉಗುರಿನಿಂದಲೋ ಕೈಗೆ ಸಿಕ್ಕ ಇನ್ನಾವುದರಿಂದಲೋ ಮುಳ್ಳನ್ನು ಕಿತ್ತು ಹಾಕಬೇಕು. ಹೇಗೆ ಕೀಳಬೇಕೆಂದು ಯೋಚಿಸುತ್ತ ನಿಲ್ಲುವುದಕ್ಕಿಂತ ಬೇಗ ಕೀಳುವುದು ಮುಖ್ಯ. ಅನಂತರ ಸೋಪು ನೀರಿನಲ್ಲಿ ತೊಳೆದು ತಣ್ಣೀರಿನ ಬಟ್ಟೆ ಇಡಬೇಕು. ಸುಣ್ಣ, ಹೊಗೆಸೊಪ್ಪು, ಮಣ್ಣು ಹಚ್ಚುವುದರಿಂದ ಒಳಗೆ ಹೋದ ನಂಜು ಹೊರಬಾರದು.

ಅಪಾಯದಲ್ಲಿ ಎರಡು ಬಗೆ. ಮೊದಲನೆಯದು ಮೈಗೆ ಒಗ್ಗದಿರುವುದು. ಇಂಥವರಿಗೆ ಒಂದೇ ಹುಳು ಕಚ್ಚಿದರೂ ಸಾಕು, ಸಾಮಾನ್ಯವಾಗಿ ನಿಮಿಷಗಳಲ್ಲಿಯೇ ಮೈಯೆಲ್ಲ ದದ್ದು ಏಳುತ್ತದೆ, ತುಟಿ, ನಾಲಗೆ ಊದುತ್ತದೆ, ಉಸಿರು ಕಟ್ಟುತ್ತದೆ, ವಾಂತಿ, ತಲೆಸುತ್ತು ಬರುತ್ತದೆ. ಹಿಂದೆ ಕಚ್ಚಿದಾಗ ಏನೂ ಆಗದಿದ್ದವರಿಗೂ ಹೀಗಾಗಬಹುದು. ಇದಕ್ಕೆ ಮುಖ್ಯ ಮದ್ದು ಅಡ್ರಿನಲಿನ್ ಚುಚ್ಚುಮದ್ದು. ತಡಮಾಡದೆ 108ಕ್ಕೆ ಕರೆ ಮಾಡಿ ಅಥವಾ ಸಿಕ್ಕಿದ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಸಾಗಿಸಿರಿ. ರೋಗಿಯನ್ನು ನಡೆಸಬೇಡಿರಿ. ಮಲಗಿಸಿ ಕಾಲು ಎತ್ತರದಲ್ಲಿಡಿ. ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಿರಿ.

ಎರಡನೆಯದು ಹೆಜ್ಜೇನಿನ ದಾಳಿ. ಇಲ್ಲಿ ನಂಜಿನ ಪ್ರಮಾಣವೇ ಅಪಾಯ. ದೊಡ್ಡವರಿಗೆ 50ಕ್ಕೂ ಹೆಚ್ಚು ಹುಳು ಕಚ್ಚಿದ್ದರೆ ಆರೋಗ್ಯವಾಗಿಯೇ ಕಂಡರೂ ಆಸ್ಪತ್ರೆಗೆ ಸೇರಿಸಬೇಕು. ಮಕ್ಕಳನ್ನೂ ವೃದ್ಧರನ್ನೂ ಇದಕ್ಕಿಂತ ಕಡಿಮೆ ಕಚ್ಚಿದ್ದರೂ ಕರೆದೊಯ್ಯಬೇಕು. ನಂಜಿನಿಂದ ಮೂತ್ರಪಿಂಡ ಕೆಡುವುದು ಕೆಲವೊಮ್ಮೆ ಒಂದೆರಡು ದಿನಗಳ ಮೇಲೆ ತಿಳಿಯುತ್ತದೆ. ಮೂತ್ರ ಕರಿಕಾಫಿಯ ಬಣ್ಣಕ್ಕೆ ತಿರುಗಿದರೆ ಅಥವಾ ಕಡಿಮೆಯಾದರೆ ಕೂಡಲೆ ವೈದ್ಯರಿಗೆ ತೋರಿಸಬೇಕು.

ಹೆಜ್ಜೇನು ಎರಗಿದಾಗ ಕೈ ಬೀಸುತ್ತ ನಿಲ್ಲಬೇಡಿರಿ. ಟವೆಲ್ಲಿನಿಂದಲೋ ಕಂಬಳಿಯಿಂದಲೋ ಮುಖ ಮುಚ್ಚಿ, ದಾರಿ ಕಾಣುವಷ್ಟು ಬಿಟ್ಟು, ಮನೆಗೋ ಮುಚ್ಚಿದ ವಾಹನಕ್ಕೋ ಓಡಿರಿ. ಕೆರೆಗೆ ಹಾರುವುದು ತಪ್ಪು. ಉಸಿರಿಗೆ ತಲೆ ಎತ್ತುವುದನ್ನೇ ಹುಳುಗಳು ಕಾದಿರುತ್ತವೆ, ಮುಳುಗುವ ಭಯವೂ ಇದೆ.

ಎಲ್ಲಕ್ಕಿಂತ ಮೇಲಾದುದು ಮುನ್ನೆಚ್ಚರಿಕೆ. ಮರ ಹತ್ತಿದ ಕೊನೆಗಾರನಿಗೆ ಓಡಲು ದಾರಿಯಿಲ್ಲ. ಗಾಬರಿಯಲ್ಲಿ ಬಿದ್ದರೆ ಅದು ಇನ್ನೊಂದು ಅನಾಹುತ. ಬೆಳಗ್ಗೆ ಕೆಲಸಕ್ಕೆ ಮುನ್ನ ಯಜಮಾನರು ಮರಗಳನ್ನು ನೋಡಿ, ಜೇನಿರುವ ಮರವನ್ನು ಎಲ್ಲ ಆಳುಗಳಿಗೂ ತೋರಿಸಬೇಕು. ಅದರ ಬುಡದಲ್ಲಿ ಕಳೆ ಕತ್ತರಿಸುವ ಯಂತ್ರ ನಡೆಸುವುದು, ಬೆಂಕಿ ಹಾಕುವುದು ಬೇಡ. ತಿಳಿ ಬಣ್ಣದ, ತುಂಬುತೋಳಿನ ಬಟ್ಟೆ ಒಳ್ಳೆಯದು. ಹಿಂದೆ ಮೈಗೆ ಒಗ್ಗದೆ ತೊಂದರೆಯಾದವರನ್ನು ಒಬ್ಬರನ್ನೇ ತೋಟಕ್ಕೆ ಕಳಿಸಬಾರದು.

ಹೀಗೆಂದು ಜೇನನ್ನು ಸುಡಬೇಡಿರಿ. ರೊಬಸ್ಟಾ ಕಾಫಿ, ಏಲಕ್ಕಿ, ಸೌತೆ, ಕುಂಬಳಗಳು ಕಾಯಿ ಕಟ್ಟುವುದರಲ್ಲಿ ಜೇನಿನ ಪಾಲು ದೊಡ್ಡದು. ಹೆಜ್ಜೇನು ಋತು ಕಳೆದೊಡನೆ ಸಾಮಾನ್ಯವಾಗಿ ತಾನಾಗಿ ವಲಸೆ ಹೋಗುತ್ತದೆ. ಅಲ್ಲಿಯವರೆಗೆ ಆ ಮರದ ಕೆಲಸವನ್ನು ಮುಂದಕ್ಕೆ ಹಾಕಿದರೆ ಆಳುಗಳ ಜೀವವೂ ಉಳಿಯುತ್ತದೆ, ತೋಟದ ಫಸಲಿಗೂ ನಷ್ಟವಿಲ್ಲ. ಈ ವಿಷಯವನ್ನು ನಿಮ್ಮ ತೋಟದಲ್ಲಿ ದುಡಿಯುವವರಿಗೆಲ್ಲ ತಿಳಿಸಬೇಕೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.