ಸಭೆಯೂ ಸಂಸಾರವೂ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಸಾಹಿತಿಗಳೂ ವಿದ್ವಾಂಸರೂ ಮಾತನಾಡುವುದು ವಾಡಿಕೆ. ಈ ಸಲ ಸಂಘದವರು ಮುಂಬಯಿಯ ಒಂದು ಸಣ್ಣ ಕನ್ನಡ ಕ್ರೈಸ್ತ ಸಭೆಯ ಪಾಲಕರನ್ನು ಕರೆದಿದ್ದಾರೆ. ‘ಧರ್ಮೋಪದೇಶ ಬೇಡ; ನಿಮ್ಮ ದಿನದಿನದ ಕೆಲಸದಲ್ಲಿ ಶ್ರದ್ಧೆ, ಮುಂದಾಳುತನ, ಸಂಸಾರ ಇವುಗಳ ವಿಷಯವಾಗಿ ಕಂಡುಕೊಂಡದ್ದನ್ನು ಹೇಳಿ’ ಎಂದು ಅಪ್ಪಣೆ ಮಾಡಿದ್ದಾರೆ. ಸಂತೋಷದಿಂದ ಒಪ್ಪಿಕೊಂಡೆವು. ಇಲ್ಲಿ ಶಿವನನ್ನು ಪೂಜಿಸುವವರಿದ್ದೀರಿ, ವಿಷ್ಣುವನ್ನು ನೆನೆಯುವವರಿದ್ದೀರಿ, ಜಿನನಿಗೆ ಕೈಮುಗಿಯುವವರಿದ್ದೀರಿ, ನಮಾಜು ಮಾಡುವವರೂ ಇದ್ದೀರಿ. ನಮ್ಮ ಉದಾಹರಣೆಗಳು ನಮ್ಮ ಗ್ರಂಥದಿಂದ ಬಂದರೆ ಮನ್ನಿಸಬೇಕು. ಹೊಲ ಬೇರೆಯಾದರೂ ಕಳೆ ಕೀಳುವ ಕೆಲಸ ಎಲ್ಲರದೂ ಒಂದೇ.

ಮೊದಲಿಗೆ ಒಂದು ಅರಿಕೆ. ನಾವು ‘ನಾವು’ ಎನ್ನುವುದು ದೊಡ್ಡಸ್ತಿಕೆಗಾಗಿ ಅಲ್ಲ. ನಮ್ಮ ಕಡೆಯ ಸಭೆಗಳಲ್ಲಿ ಪಾಲಕರನ್ನು ಅಯ್ಯನವರೆಂದೂ ಅವರ ಮಡದಿಯನ್ನು ಅಮ್ಮನವರೆಂದೂ ಕರೆಯುವ ರೂಢಿ. ಸಂಬಳ ಅಯ್ಯನವರಿಗೆ, ಕೆಲಸ ಇಬ್ಬರಿಗೂ. ಬಾಣಂತಿಯ ಮನೆಗೆ ಮೊದಲು ಹೋಗುವವರು ಅಮ್ಮನವರು. ಗಂಡನಿಗೆ ಹೇಳಲಾಗದ ಕಷ್ಟವನ್ನು ಹೆಣ್ಣುಮಕ್ಕಳು ಹೇಳಿಕೊಳ್ಳುವುದು ಅವರ ಹತ್ತಿರ. ಆದ್ದರಿಂದ ಈ ಮಾತುಗಳಲ್ಲಿ ಅರ್ಧ, ಬಹುಶಃ ಅರ್ಧಕ್ಕಿಂತ ಹೆಚ್ಚು, ಮುಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುವ ಅವರವು.

‘ಸಭಾಪಾಲಕ’ ಎಂಬ ಮಾತನ್ನು ನಮ್ಮ ಹಿರಿಯರು ಯೋಚಿಸಿಯೇ ಆರಿಸಿದ್ದಾರೆ. ಅದು ಆಳುವವನ ಹೆಸರಲ್ಲ, ಕಾಯುವವನ ಹೆಸರು. ಯೇಸುಸ್ವಾಮಿ ಹೇಳಿದ ಸಾಮ್ಯದಲ್ಲಿ ಒಳ್ಳೆಯ ಕುರುಬನ ಗುರುತು ಎರಡು: ಅವನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ, ಅವುಗಳ ಮುಂದೆ ತಾನು ನಡೆಯುತ್ತಾನೆ. ಬಯಲು ಸೀಮೆಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಹಿಂಡು ದೊಡ್ಡಿ ಸೇರುವಾಗ ನಮ್ಮ ಕುರುಬರು ಲೆಕ್ಕದ ಪುಸ್ತಕ ತೆರೆಯುವುದಿಲ್ಲ. ಯಾವುದು ಬಂದಿಲ್ಲ ಎಂಬುದು ಅವರಿಗೆ ನೋಟದಲ್ಲೇ ತಿಳಿಯುತ್ತದೆ.

ಈ ಮಹಾನಗರದಲ್ಲಿ ಮನುಷ್ಯನಿಗೆ ನಂಬರುಗಳು ಬಹಳ. ಖೋಲಿಗೊಂದು ನಂಬರು, ಲೋಕಲ್ ಗಾಡಿಯ ಪಾಸಿಗೊಂದು ನಂಬರು, ಆಧಾರಿನದೊಂದು ನಂಬರು. ಹೆಸರು ಹಿಡಿದು ಕರೆಯುವವರು ಮಾತ್ರ ಕಡಮೆ. ಹುಬ್ಬಳ್ಳಿಯಿಂದಲೋ ಗದಗಿನಿಂದಲೋ ಉಡುಪಿಯಿಂದಲೋ ಬಂದ ಹುಡುಗ ವಿರಾರದಲ್ಲೋ ಡೊಂಬಿವಲಿಯಲ್ಲೋ ನಾಲ್ಕು ಜನರೊಡನೆ ಒಂದು ಕೋಣೆ ಹಿಡಿಯುತ್ತಾನೆ. ಅವನಿಗೆ ಜ್ವರ ಬಂದು ಮೂರು ದಿನ ಮಲಗಿದರೆ ಯಾರಿಗೆ ಗೊತ್ತಾಗುತ್ತದೆ? ಭಾನುವಾರ ಒಂದು ಕುರ್ಚಿ ಬರಿದಾದುದನ್ನು ಕಂಡು, ಇಳಿಹೊತ್ತಿಗೆ ಅವನ ಬಾಗಿಲು ತಟ್ಟುವುದೇ ನಮ್ಮ ವೃತ್ತಿಯ ಮುಖ್ಯ ಭಾಗ. ಪ್ರಸಂಗ ಒಂದು ತಾಸಿನ ಕೆಲಸ. ಬಾಗಿಲು ತಟ್ಟುವುದು ಉಳಿದ ಆರು ದಿನದ ಕೆಲಸ. ಮುಂದಾಳುತನವೆಂದರೆ ಬಂದವರಿಗೆ ಮಾತು ಹೇಳುವುದಕ್ಕಿಂತ ಮೊದಲು, ಬಾರದವರು ಯಾರು ಎಂದು ಗಮನಿಸುವುದು.

ಆದರೆ ಎಷ್ಟು ಬಾಗಿಲುಗಳನ್ನು ಒಬ್ಬರು ತಟ್ಟಬಲ್ಲರು? ಈ ಪ್ರಶ್ನೆ ಹೊಸದಲ್ಲ. ಮೋಶೆ ಎಂಬ ಮಹಾಪುರುಷ ತನ್ನ ಜನರನ್ನು ದಾಸತ್ವದಿಂದ ಬಿಡಿಸಿ ತಂದ ಮೇಲೆ ಬೆಳಗಿನಿಂದ ಸಂಜೆಯ ತನಕ ಒಬ್ಬನೇ ಕುಳಿತು ಎಲ್ಲರ ವ್ಯಾಜ್ಯಗಳನ್ನು ತೀರಿಸುತ್ತಿದ್ದನಂತೆ. ಅವನ ಮಾವ ಇತ್ರೋ ನೋಡಲು ಬಂದವನು ಇದನ್ನು ಕಂಡು, ಹೀಗೆ ಮಾಡಿದರೆ ನೀನೂ ಬಳಲುತ್ತೀ, ಜನವೂ ಬಳಲುತ್ತದೆ ಎಂದು ಎಚ್ಚರಿಸಿದನು. ದೇವರಿಗೆ ಅಂಜುವ, ಲಂಚ ಮುಟ್ಟದ ಜನರನ್ನು ಆರಿಸಿ ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬನಂತೆ ನೇಮಿಸು ಎಂದನು. ಮಾವನ ಬುದ್ಧಿವಾದವನ್ನು ಅಳಿಯ ಕೇಳಿದ ಅಪರೂಪದ ಕಥೆ ಅದು. ಇದರಲ್ಲಿ ನಮಗೆ ಹಿಡಿಸಿದ್ದು ಕೊನೆಯ ಅಂಕಿ. ಸಾವಿರದ ನಾಯಕನಾಗಲು ಎಲ್ಲರಿಗೂ ಆಸೆ. ಹತ್ತು ಮನೆಗಳ ನಾಯಕನಾಗಲು ಬೇಕಾದುದು ತಾಳ್ಮೆ. ಸಂಘಗಳು ನಿಲ್ಲುವುದು ಆ ಹತ್ತರವರಿಂದ.

ಹತ್ತು ಮನೆಗಿಂತ ಸಣ್ಣದಾದ ಇನ್ನೊಂದು ಅಂಕಿಯೂ ಉಂಟು. ಅದು ಒಂದು, ತನ್ನ ಮನೆ. ಸಂತ ಪೌಲನು ತನ್ನ ಶಿಷ್ಯ ತಿಮೊಥೆಗೆ ಬರೆದ ಪತ್ರದಲ್ಲಿ, ಸ್ವಂತ ಮನೆಯನ್ನು ನಡಸಲು ತಿಳಿಯದವನು ಸಭೆಯನ್ನು ಹೇಗೆ ನೋಡಿಕೊಂಡಾನು ಎಂದು ಕೇಳುತ್ತಾನೆ. ನಮ್ಮ ಗ್ರಂಥದಲ್ಲಿಯೇ ಇದಕ್ಕೆ ದುಃಖದ ಉದಾಹರಣೆ ಏಲಿ ಎಂಬ ಯಾಜಕನದು. ದೇಶಕ್ಕೆಲ್ಲ ನ್ಯಾಯ ಹೇಳಿದವನು ಅವನು. ಅವನ ಇಬ್ಬರು ಮಕ್ಕಳು ದೇವರ ಕಾಣಿಕೆಯನ್ನೇ ಕಿತ್ತು ತಿಂದರು. ‘ಅಪ್ಪ ಊರವರ ಮನೆಗೆಲ್ಲ ಹೋಗುತ್ತಾರೆ, ನಮ್ಮ ಮನೆಗೆ ಮಾತ್ರ ನೆಂಟರಂತೆ ಬರುತ್ತಾರೆ’ ಎಂದು ಪಾಲಕರ ಮಕ್ಕಳು ಹೇಳುವುದುಂಟು. ಸಂಘದ ಕಾರ್ಯಕರ್ತರ ಮಕ್ಕಳೂ ಹೀಗೆಯೇ ಅನ್ನುತ್ತಾರೋ ಏನೋ, ತಾವೇ ವಿಚಾರಿಸಿ ನೋಡಬೇಕು. ವೇದಿಕೆಯ ಮೇಲೆ ಮೂರು ತಾಸು ಕನ್ನಡದ ಸವಿಯನ್ನು ಹೊಗಳಿ, ಮನೆಗೆ ಬಂದು ಮಕ್ಕಳೊಡನೆ ‘ಓದು, ಮಲಗು, ಫೋನು ಇಡು’ ಎಂಬ ಮೂರೇ ಮಾತು ಆಡಿದರೆ, ಅವರಿಗೆ ಕನ್ನಡವೆಂದರೆ ಗದರಿಕೆಯ ಭಾಷೆ ಎನ್ನಿಸಿದರೆ ಆಶ್ಚರ್ಯವೇನು?

ಇದು ಎಷ್ಟು ದೂರ ಮುಟ್ಟಬಲ್ಲದು ಎಂಬುದನ್ನು ಒಂದು ಆಸ್ಪತ್ರೆಯಲ್ಲಿ ಕಂಡೆವು. ನಮ್ಮ ಸಭೆಯ ಹಿರಿಯರೊಬ್ಬರು ನಲವತ್ತು ವರ್ಷ ಈ ನಗರದಲ್ಲಿ ದುಡಿದವರು. ಕಾರ್ಖಾನೆಯಲ್ಲಿ ಮರಾಠಿ, ಬಜಾರಿನಲ್ಲಿ ಹಿಂದಿ, ಮಗನ ಶಾಲೆಯಲ್ಲಿ ಮುರುಕು ಇಂಗ್ಲಿಷು, ಎಲ್ಲದರಲ್ಲಿಯೂ ನಿಭಾಯಿಸಿದರು. ಮಗನೊಡನೆಯೂ ಹಿಂದಿಯಲ್ಲಿಯೇ ಮಾತನಾಡಿದರು; ‘ಅವನಾದರೂ ಒದ್ದಾಡದಿರಲಿ’ ಎಂಬುದು ಅವರ ಪ್ರೀತಿ. ಕೊನೆಯ ಕಾಯಿಲೆಯಲ್ಲಿ ಕಲಿತ ಭಾಷೆಗಳೆಲ್ಲ ಒಂದೊಂದಾಗಿ ಅವರನ್ನು ಬಿಟ್ಟು ಹೋದುವು. ಉಳಿದದ್ದು ತಾಯಿ ಕಲಿಸಿದ್ದೊಂದೇ. ‘ತಂಗೀನ್ನ ಕೈ ಬಿಡಬ್ಯಾಡಪಾ, ಆಕೀಗೆ ನೀನ ತವರು’ ಎಂದು ಮಗನ ಕೈ ಹಿಡಿದು ಮತ್ತೆ ಮತ್ತೆ ಹೇಳಿದರು. ಮಗ ಒಳ್ಳೆಯವನು, ಕಲಿತವನು. ಅವನು ನಮ್ಮ ಕಡೆ ತಿರುಗಿ, ಅಪ್ಪ ಏನನ್ನುತ್ತಿದ್ದಾರೆ ಎಂದು ಹಿಂದಿಯಲ್ಲಿ ಕೇಳಿದ. ತಿಳಿಸಿದೆವು. ‘ತವರು’ ಎಂಬ ಮಾತಿಗೆ ಮಾತ್ರ ಏನು ಹೇಳಿದರೂ ಸಾಲದಾಯಿತು. ತಂದೆಯ ಕಡೆಯ ಮಾತಿಗೆ ಮಗನಿಗೆ ದುಭಾಷಿ ಬೇಕಾಯಿತು. ಆ ತಂದೆಯನ್ನಾಗಲಿ ಮಗನನ್ನಾಗಲಿ ನಾವು ದೂರುವುದಿಲ್ಲ. ನೂರಾರು ಮನೆಗಳಲ್ಲಿ ಒಳ್ಳೆಯ ಮನಸ್ಸಿನಿಂದಲೇ ನಡೆಯುತ್ತಿರುವ ಕೆಲಸ ಇದು.

ಇದೇ ಪ್ರಶ್ನೆ ಕೆಲವು ವರ್ಷಗಳ ಹಿಂದೆ ನಮ್ಮ ಸಭೆಗೇ ಬಂದಿತು. ಕನ್ನಡ ಆರಾಧನೆ ತಮಗೆ ತಿಳಿಯುವುದಿಲ್ಲ, ಇಂಗ್ಲಿಷಿನಲ್ಲಿ ನಡಸೋಣ ಎಂದು ತರುಣರು ಕೇಳಿದರು. ಪ್ರಾಣ ಹೋದರೂ ಕನ್ನಡ ಬಿಡೆವು ಎಂದರು ಹಿರಿಯರು. ಎರಡು ಪಕ್ಷಗಳಲ್ಲಿಯೂ ನ್ಯಾಯವಿತ್ತು. ತಿಳಿಯದ ಪ್ರಾರ್ಥನೆಗೆ ‘ಆಮೆನ್’ ಅನ್ನು ಎಂದು ಯಾರನ್ನಾದರೂ ಹೇಗೆ ಬಲವಂತ ಮಾಡುವುದು? ಹಾಗೆಂದು, ಬೇರೆ ಭಾಷೆಯೇ ಬಾರದ ಮುದುಕಿಯರನ್ನು ಅವರ ಕಡೆಯ ದಿನಗಳಲ್ಲಿ ಹೊರಗೆ ನಿಲ್ಲಿಸುವುದು ಹೇಗೆ? ಮತ ಎಣಿಸಿದರೆ ಒಂದು ಪಕ್ಷ ಗೆಲ್ಲುತ್ತಿತ್ತು, ಸಭೆ ಒಡೆಯುತ್ತಿತ್ತು. ಆದ್ದರಿಂದ ಇತ್ರೋನ ಉಪಾಯವನ್ನೇ ಹಿಡಿದೆವು. ತೀರ್ಮಾನವನ್ನು ಮೂರು ತಿಂಗಳು ಮುಂದಕ್ಕೆ ಹಾಕಿ, ಒಬ್ಬೊಬ್ಬ ಹಿರಿಯರಿಗೆ ಹತ್ತತ್ತು ಮನೆ ವಹಿಸಿ, ‘ವಾದಿಸಬೇಡಿ, ಕೇಳಿ ಬನ್ನಿ’ ಎಂದು ಕಳಿಸಿದೆವು.

ಅವರು ಕೇಳಿಕೊಂಡು ಬಂದದ್ದು ಯಾರೂ ಎಣಿಸದ ಸಂಗತಿ. ಮಕ್ಕಳಲ್ಲಿ ಅನೇಕರಿಗೆ ಕನ್ನಡ ತಿಳಿಯುತ್ತಿತ್ತು, ಲಿಪಿ ಬರುತ್ತಿರಲಿಲ್ಲ. ಆಡಲು ಆಸೆಯೂ ಇತ್ತು. ಆಡಿದರೆ ದೊಡ್ಡವರು ನಗುತ್ತಿದ್ದರು. ‘ಹಾಲು’ ಎಂಬುದು ‘ಆಲು’ ಆದರೆ, ‘ಬಂದಳು’ ಎನ್ನುವಲ್ಲಿ ‘ಬಂದಿತು’ ಎಂದರೆ, ಮನೆಯೆಲ್ಲ ನಕ್ಕು, ಅದನ್ನೇ ನೆಂಟರೆದುರಿಗೆ ಮತ್ತೊಮ್ಮೆ ಹೇಳಿಸಿ ನಗುವುದು. ಹತ್ತು ವರ್ಷದ ಮಗು ಎಷ್ಟು ಸಲ ಅದನ್ನು ಸಹಿಸೀತು? ಅವರಿಗೆ ಬೇಕಾಗಿದ್ದದ್ದು ಇಂಗ್ಲಿಷಲ್ಲ. ತಪ್ಪಿದರೆ ನಗದ ಕಿವಿ. ಆಮೇಲೆ ಸಭೆ ಕೂಡಿದಾಗ ಹೀಗೆ ತೀರ್ಮಾನವಾಯಿತು. ಆರಾಧನೆ ಕನ್ನಡದಲ್ಲಿಯೇ ನಡೆಯಲಿ. ಹಾಡುಗಳ ಹಾಳೆಯಲ್ಲಿ ಕನ್ನಡದ ಪಕ್ಕಕ್ಕೆ ಮಕ್ಕಳಿಗೆ ಬರುವ ನಾಗರೀ ಲಿಪಿಯೂ ಇರಲಿ. ಪ್ರತಿ ಭಾನುವಾರ ವೇದಪಾಠವನ್ನು ಒಂದು ಮಗುವೇ ಓದಲಿ; ಓದುವಾಗ ಯಾರೂ ತಿದ್ದಬಾರದು, ಯಾರೂ ನಗಬಾರದು. ಪ್ರಸಂಗದ ಸಾರವನ್ನು ಕೊನೆಗೆ ಐದು ನಿಮಿಷ ಇಂಗ್ಲಿಷಿನಲ್ಲಿ ಹೇಳಲಿ. ಇದರಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾರೆವು. ನಾಗರೀ ಲಿಪಿಗೆ ಮುನಿಸಿಕೊಂಡ ಹಿರಿಯರಿದ್ದಾರೆ. ಬೇರೆ ಸಭೆಗಳಿಗೆ ಹೋದ ತರುಣರೂ ಇದ್ದಾರೆ. ಆದರೆ ಮಗುವೊಂದು ತಡವರಿಸುತ್ತ ಓದುವಾಗ, ಸಭೆಯೆಲ್ಲ ಉಸಿರು ಹಿಡಿದು ಕೇಳುವುದನ್ನು ಈಗ ವಾರ ವಾರವೂ ಕಾಣುತ್ತೇವೆ.

ಕೇಳುವ ಕಿವಿಯೇ ಪಾಲಕನ ಮುಖ್ಯ ಸಾಧನವೆಂಬುದನ್ನು ನಮ್ಮ ವೃತ್ತಿಯ ಹಿರಿಯರು ನಡೆದು ತೋರಿಸಿದ್ದಾರೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಆ ಮಿಷನ್ನಿನ ಹೆರ್ಮನ್ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ ಅದು. 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲರ ನಿಘಂಟು ಹೊರಬಿದ್ದದ್ದು 1894ರಲ್ಲಿ. ಉಪದೇಶ ಮಾಡಲು ಬಂದವರು ಜನರ ಮಾತು ಕೇಳುತ್ತ ಕೇಳುತ್ತ ತಾವೇ ವಿದ್ಯಾರ್ಥಿಗಳಾದರು.

ನಮ್ಮ ನಾಡಿನವರೇ ಆದ ರೆವರೆಂಡ್ ಉತ್ತಂಗಿ ಚನ್ನಪ್ಪನವರ ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, 1962ರಲ್ಲಿ ತೀರಿಕೊಂಡ ಅವರು ಬಾಸೆಲ್ ಮಿಷನ್ನಿನ ಪಾಲಕರಾಗಿದ್ದರು. ಹಳ್ಳಿ ಹಳ್ಳಿ ತಿರುಗಿ, ಜನರ ಬಾಯಲ್ಲಿ ಉಳಿದಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಜನ ಅವರನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದರು. ತಮ್ಮ ಶ್ರದ್ಧೆಯಲ್ಲಿ ಗಟ್ಟಿಯಾಗಿ ನಿಂತವರಿಗೆ ಪರರ ಶ್ರದ್ಧೆಯ ಮಾತನ್ನು ಕೇಳಲು ಭಯವಿರುವುದಿಲ್ಲ ಎಂಬುದಕ್ಕೆ ಅವರ ಬಾಳು ಸಾಕ್ಷಿ.

ಇನ್ನು ಸಂಸಾರದ ಒಂದು ಮಾತು. ನಮ್ಮ ಮನೆಗಳಿಗೆ ಈಗ ಮರಾಠಿ, ಕೊಂಕಣಿ, ಮಲಯಾಳಿ ಸೊಸೆಯಂದಿರು ಬರುತ್ತಿದ್ದಾರೆ. ಕನ್ನಡ ಹೋಯಿತೆಂದು ಅತ್ತೆಯರು ನಿಟ್ಟುಸಿರು ಬಿಡುತ್ತಾರೆ. ನಮ್ಮ ಗ್ರಂಥದ ನೊವೊಮಿಯ ಸಂಸಾರವೂ ತಮ್ಮ ನಮ್ಮಂತೆ ಹೊಟ್ಟೆಪಾಡಿಗೆ ಊರು ಬಿಟ್ಟದ್ದು. ಬರಗಾಲಕ್ಕೆ ಹೆದರಿ ಬೇತ್ಲೆಹೇಮಿನಿಂದ ಮೋವಾಬಿಗೆ ಹೋದರು. ಅಲ್ಲಿ ಗಂಡನೂ ಇಬ್ಬರು ಮಕ್ಕಳೂ ತೀರಿಕೊಂಡರು. ಬರಿಗೈಯಲ್ಲಿ ತಿರುಗಿ ಹೊರಟ ಅತ್ತೆಯ ಜೊತೆಗೆ ನಡೆದು ಬಂದವಳು ಮೋವಾಬಿನ ಸೊಸೆ ರೂತಳು. ಆ ಪರದೇಶದ ಹೆಣ್ಣೇ ಮುಂದೆ ದಾವೀದ ರಾಜನ ಮುತ್ತಜ್ಜಿಯಾದಳು. ಒಳಗೆ ಕರೆದುಕೊಂಡರೆ ಸೊಸೆ ಮನೆತನವನ್ನು ಉಳಿಸುತ್ತಾಳೆ. ಅವಳ ನಾಲ್ಕು ಮಾತನ್ನು ನಾವು ಕಲಿತರೆ ನಮ್ಮ ನಾಲ್ಕು ಮಾತನ್ನು ಅವಳು ಕಲಿತಾಳು.

ಅಜ್ಜಿಯರಿಗೆ ನಾವು ವಿಶೇಷವಾಗಿ ಕೈಮುಗಿಯುತ್ತೇವೆ. ಪೌಲನು ತಿಮೊಥೆಯ ನಂಬಿಕೆಯನ್ನು ಮೆಚ್ಚಿದಾಗ, ಅದು ಮೊದಲು ಅವನ ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ನೆಲೆಸಿತ್ತೆಂದು ಹೆಸರು ಹೇಳಿ ನೆನೆದನು. ಭಾಷೆ ಬರುವ ದಾರಿಯೂ ಅದೇ. ಊರಿನಿಂದ ಬಂದ ಅಜ್ಜಿಯನ್ನು ಟಿ.ವಿ.ಯ ಮುಂದೆ ಕೂಡಿಸಿ ನಾವೆಲ್ಲ ಕೆಲಸಕ್ಕೆ ಹೋಗುವುದಾದರೆ, ಮನೆಯೊಳಗಿನ ಶಾಲೆಗೆ ನಾವೇ ಬೀಗ ಹಾಕಿದಂತೆ.

1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ನಾಡು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಅದು ಹಿರಿಯರು ಮಾಡಿದ ಕೆಲಸ. ಹೊರನಾಡಿನಲ್ಲಿರುವ ನಮ್ಮ ಪಾಲಿಗೆ ಉಳಿದಿರುವುದು ಒಂದೊಂದು ಮನೆಯೊಳಗಿನ ಏಕೀಕರಣ. ಅದಕ್ಕಾಗಿ ಮೂರು ಬೇಡಿಕೆಗಳನ್ನು ತಮ್ಮ ಮುಂದಿಡುತ್ತೇವೆ. ದಿನಕ್ಕೆ ಒಂದು ಊಟವನ್ನಾದರೂ, ಫೋನುಗಳನ್ನು ದೂರವಿಟ್ಟು, ಎಲ್ಲರೂ ಕೂಡಿ ಕನ್ನಡದಲ್ಲಿ ಮಾತನಾಡುತ್ತ ಮಾಡಿರಿ. ಸಂಘದ ಒಬ್ಬೊಬ್ಬ ಕಾರ್ಯಕರ್ತರೂ ಹತ್ತು ಮನೆಗಳನ್ನು ಹೆಸರು ಹಿಡಿದು ತಿಳಿದುಕೊಂಡಿರಿ. ಚಂದಾ ಕೇಳಲಿಕ್ಕಲ್ಲದೆ ಬರಿದೆ ಯೋಗಕ್ಷೇಮ ಕೇಳಲು ವರ್ಷಕ್ಕೆರಡು ಸಲ ಹೋಗಿರಿ. ಮಕ್ಕಳು ತಪ್ಪು ಕನ್ನಡ ಆಡಿದಾಗ ನಗಬೇಡಿರಿ. ಇಂದು ಇದೇ ವೇದಿಕೆಯ ಮೇಲೆ ಮಕ್ಕಳ ಕಾರ್ಯಕ್ರಮವಿದೆ. ಮೂರನೆಯದನ್ನು ಈಗಿನಿಂದಲೇ ಪ್ರಾರಂಭಿಸಬಹುದು.